ಮಂಜನ ಫ್ಲೆಕ್ಸಿಗೆ ಯಾವ ಫೋಟೊ

ಗೆಳೆಯರೇ, ಯಲ್ಲಾಪುರದ ನನ್ನ ಫ್ಲೆಕ್ಸ್ ಅಂಗಡಿಯಲ್ಲಿ ಇವತ್ತು ಸತ್ತವನ ಫೋಟೊಗಾಗಿ ಜಗಳವಾಯಿತು. ಸತ್ತವನು ಮಂಜ, ಇಲ್ಲಿನ ಟೆನಿಸ್ ಬಾಲ್ ಕ್ರಿಕೆಟ್ ತಂಡದ ಆಲ್‌ರೌಂಡರ್. ಬ್ಯಾಟಿಂಗ್, ಬೌಲಿಂಗ್ ಎರಡರಲ್ಲೂ ಸರಿಸಮ. ಮೊನ್ನೆ ಅರಬೈಲ್ ಘಟ್ಟದಲ್ಲಿ ಬೈಕಿನಿಂದ ಬಿದ್ದು ತಲೆ ಒಡೆದು ಹೋದ. ಶ್ರದ್ಧಾಂಜಲಿ ಬ್ಯಾನರ್ ಮಾಡಿಸಲು ತಂಡದ ಇಬ್ಬರು ಬಂದಿದ್ದರು. ಜೊತೆಗೆ ಮಂಜನ ಅಕ್ಕ.

“ಬ್ಯಾಟ್ ಹಿಡ್ದಿದ್ದೇ ಹಾಕಿ. ಫೈನಲ್ ಗೆಲ್ಸಿದ್ದು ಅವ್ನ ಸಿಕ್ಸರು,” ಎಂದ ಓಪನರ್.

“ಎಂತ ಸಿಕ್ಸರ್ ಮಾರಾಯ! ಅವ ವಿಕೆಟ್ ತೆಗೀದೇ ಇದ್ರೆ ಫೈನಲ್ಲಿಗೆ ಎಲ್ಲಿ ಹೋಗ್ತಿದ್ರಿ? ಬೌಲಿಂಗ್ ಮಾಡೋದೇ ಇರ್ಲಿ,” ಎಂದು ಬೌಲರ್ ಮೇಜು ಗುದ್ದಿದ.

ಎರಡನ್ನೂ ಹಾಕುತ್ತೇನೆ ಎಂದೆ. ಯಾವುದು ದೊಡ್ಡದಾಗಿರಬೇಕು ಎಂದು ಮತ್ತೆ ಶುರುವಾಯಿತು.

ಆಗ ಅಕ್ಕ ಹುಡುಗರತ್ತ ತಿರುಗಿ ಕೇಳಿದರು: “ತಮ್ಮಾ, ಹೆಲ್ಮೆಟ್ ಹಾಕಿದ್ದು ಒಂದಾದ್ರೂ ಇದ್ದಾ?”

ಇಬ್ಬರೂ ತಲೆ ತಗ್ಗಿಸಿ ಮೊಬೈಲಿನಲ್ಲಿ ಹುಡುಕಿದರು. ಒಂದೂ ಸಿಗಲಿಲ್ಲ.

ಕೊನೆಗೆ ಎರಡನ್ನೂ ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿಕೊಟ್ಟೆ. ಹುಡುಗರು ಬ್ಯಾನರ್ ಸುತ್ತಿಕೊಂಡು ಒಂದೇ ಬೈಕಿನಲ್ಲಿ, ಬರೀ ತಲೆಯಲ್ಲಿ, ಭರ್ರನೆ ಹೋದರು. ಅವರ ಫ್ಲೆಕ್ಸಿಗೆ ಯಾವ ಫೋಟೊ ಬೇಕೆಂದು ಈಗಲೇ ಕೇಳಿಟ್ಟುಕೊಳ್ಳಬೇಕಿತ್ತು.