ಪಿಕಪ್ಪಿನ ಬೆನ್ನ ಮೇಲಿನ ಕೊಳವೆ

ಭಾವನ ಪಿಕಪ್ಪಿನ ಹೊಗೆಕೊಳವೆ ಆಕಾಶಕ್ಕೆ ಬಾಯಿ ತೆರೆದು ನಿಂತದ್ದನ್ನು ನಾನು ಮೊದಲು ನೋಡಿದ್ದು ಒಂದು ಶನಿವಾರ, ಕೊಳವಳ್ಳಿಯಲ್ಲಿ, ಅಕ್ಕನ ಮನೆಯ ಅಂಗಳದಲ್ಲಿ. ವಾರವಿಡೀ ಕಲ್ಪೆಟ್ಟದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ಆಗಷ್ಟೇ ಬಸ್ಸಿಳಿದು ಬಂದಿದ್ದೆ. ಡ್ರೈವರ್ ಕೂರುವ ಕ್ಯಾಬಿನ್ನಿನ ಬೆನ್ನಿಗೆ ಅಂಟಿಕೊಂಡು, ಹಿಂದಿನ ತೊಟ್ಟಿಯ ಬಲಮೂಲೆಯಲ್ಲಿ ಆಳೆತ್ತರದ ಕಬ್ಬಿಣದ ಕೊಳವೆ ಎದ್ದಿತ್ತು. ಬೇಸಿಗೆ ಮಳೆಯ ನೀರು ಒಳಗಿಳಿಯದಿರಲೆಂದು ಅದರ ತುದಿಗೆ ಒಂದು ತೆಂಗಿನ ಕರಟ ಕವುಚಿದ್ದರು. ಭಾವ ಕರಟ ತೆಗೆಯುವುದನ್ನು ಮರೆತು ಇಂಜಿನ್ ಚಾಲೂ ಮಾಡಿದ. ಕರಟ ಹಾರಿ ಕೊಟ್ಟಿಗೆಯ ತಗಡಿನ ಮೇಲೆ ಬಿದ್ದು ಸದ್ದು ಮಾಡಿತು. ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಯಾಕೆ ಮಾಡಿಸಿದೆ ಎಂದು ಕೇಳಿದೆ. ತೋಡಿಗೋಸ್ಕರ ಎಂದ. ನಮ್ಮಲ್ಲಿ ತೋಡು ಎಂದರೆ ಕಬಿನಿಗೆ ಹೋಗಿ ಸೇರುವ ಹಳ್ಳ. ಕಾಡಂಚಿನ ಆದಿವಾಸಿಗಳ ಹಾಡಿಗೂ ಭಾವ ಗೇಣಿಗೆ ಹಿಡಿದ ಶುಂಠಿ ಗದ್ದೆಗೂ ನಡುವೆ ಅದು ಹರಿಯುತ್ತದೆ. ನಡೆಯುವವರಿಗೆ ಒಂದು ಮರದ ಕಾಲುಸಂಕವಿದೆ, ಗಾಡಿಗೆ ಸೇತುವೆಯಿಲ್ಲ. ಮಳೆಗಾಲದಲ್ಲಿ ಸೈಲೆನ್ಸರ್ ಮುಳುಗುವಷ್ಟು ನೀರು ಬರುತ್ತದೆ. ಹೊಗೆಯ ಬಾಯಿ ಮೇಲಿದ್ದರೆ ನೀರು ನುಗ್ಗುವುದಿಲ್ಲ ಎಂಬುದು ಅವನ ವಿವರಣೆ.

ಕೇಳಲು ಸರಿಯಾಗಿಯೇ ಇತ್ತು. ಸರಿಯಾಗಿದ್ದುದರಿಂದಲೇ ನನಗೆ ನಂಬಿಕೆ ಬರಲಿಲ್ಲ. ಅವನ ಫೋನಿನಲ್ಲಿ ಯಾವುದೋ ದೇಶದ ದೊಡ್ಡ ಗಾಡಿಗಳು ಜೋಡಿ ಕೊಳವೆಗಳಿಂದ ಕರಿ ಹೊಗೆ ಉಗುಳುತ್ತ ಓಡುವ ವೀಡಿಯೊಗಳನ್ನು ನಾನು ನೋಡಿದ್ದೆ. ಬತ್ತೇರಿಯ ಪೇಟೆಯಲ್ಲಿ ನಾಲ್ಕು ಜನ ತಿರುಗಿ ನೋಡಲಿ ಎಂಬ ಆಸೆಗೆ ತೋಡಿನ ನೆಪ ಸಿಕ್ಕಿದೆ ಎಂದುಕೊಂಡೆ. ಕರಟದ ಮೇಲೂ ಅನುಮಾನ ಹುಟ್ಟಿತು. ಬೇರೆ ಮುಚ್ಚಳ ಸಿಗಲಿಲ್ಲವೇ, ಕಂಡವರು ಏನದು ಎಂದು ಕೇಳಲಿ ಎಂದೇ ಇಟ್ಟದ್ದೇ?

ಆ ಭಾನುವಾರ ಪೂರ್ತಿ ನನ್ನ ತಲೆಯಲ್ಲಿ ಆ ಕೊಳವೆಯೇ ಇತ್ತು. ಟ್ರ್ಯಾಕ್ಟರಿಗೂ ಹೊಗೆಕೊಳವೆ ಮೇಲಕ್ಕೇ ಇರುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅಲ್ಲಿ ಕೊಳವೆ ಇರುವುದು ಓಡಿಸುವವನ ಕಣ್ಣೆದುರಿಗೆ. ಹೊಗೆ ಬಂದರೆ ಅವನ ಮುಖಕ್ಕೇ ಬರುತ್ತದೆ, ತಾನು ಮಾಡಿದ್ದನ್ನು ತಾನೇ ಕುಡಿಯುತ್ತಾನೆ. ಪಿಕಪ್ಪಿನಲ್ಲಿ ಅದು ಓಡಿಸುವವನ ಬೆನ್ನ ಹಿಂದೆ. ಮುಂದಿನ ಗಾಜಿನಲ್ಲಿ ಅವನಿಗೆ ರಸ್ತೆ ಕಾಣುತ್ತದೆ, ಹೊಗೆ ಕಾಣುವುದಿಲ್ಲ. ಹಿಂದಿನ ತೊಟ್ಟಿಯಲ್ಲಿ ಬಾಳೆಗೊನೆ ಇದ್ದರೆ ಚಿಂತೆಯಿಲ್ಲ. ಭಾವನ ತೊಟ್ಟಿಯಲ್ಲಿ ಬೆಳಿಗ್ಗೆ ಹಾಡಿಯ ಹೆಂಗಸರು ಇರುತ್ತಾರೆ.

ಸಾಮಾನು ಗಾಡಿಯಲ್ಲಿ ಆಳುಗಳನ್ನು ಒಯ್ಯಬಾರದು ಎಂಬುದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಒಯ್ಯುತ್ತಾರೆ. ಹೆಂಗಸರು ತೊಟ್ಟಿಯಲ್ಲಿ ಕೂರುವುದಿಲ್ಲ. ಕೂತರೆ ಹೊಂಡದಲ್ಲಿ ಸೊಂಟ ಮುರಿಯುತ್ತದೆ. ಕ್ಯಾಬಿನ್ನಿನ ಹಿಂದಿನ ಕಂಬಿ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಲ್ಲ, ಆದರೂ ಪ್ರತಿಯೊಬ್ಬಳಿಗೂ ತನ್ನ ಜಾಗವಿದೆ. ಬಲಮೂಲೆ ಎಲ್ಲರಿಗಿಂತ ಹಿರಿಯವಳದ್ದು. ನಾನು ಶಾಲೆಗೆ ಹೋಗುವಾಗಲೇ ನಮ್ಮ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಮುದುಕಿ. ಶುಂಠಿ ಬಿತ್ತುವಾಗ ಅವಳ ಬಲಗೈಯ ಅಳತೆ ಎಷ್ಟು ನಿಖರವೆಂದರೆ, ಸಾಲು ನೇರವಿರಲೆಂದು ಹಗ್ಗ ಹಿಡಿಯುವುದನ್ನೇ ಭಾವ ಬಿಟ್ಟಿದ್ದ.

ಮುಂದಿನ ವಾರ ಅಕ್ಕನ ಫೋನು ಬಂತು. ತೋಡಿನ ಆಚೆ ದಡ ಏರುವಾಗ ಗಾಡಿ ಹಿಂದಕ್ಕೆ ಜಗ್ಗಿದೆ. ಮುದುಕಿ ವರ್ಷಗಟ್ಟಲೆ ಮಾಡಿದಂತೆ ನೋಡದೆ ಕೈ ಚಾಚಿ ಮೂಲೆಯ ಕಂಬಿ ಹಿಡಿಯಲು ಹೋಗಿದ್ದಾಳೆ. ಕಂಬಿಗಿಂತ ಮೊದಲು ಕೈಗೆ ಸಿಕ್ಕಿದ್ದು ಕೊಳವೆ. ಬಲ ಅಂಗೈ ಪೂರ್ತಿ ಬೆಂದಿದೆ. ಆಸ್ಪತ್ರೆಗೆ ಕರೆದೊಯ್ದು ಪಟ್ಟಿ ಹಾಕಿಸಿದ್ದಾರೆ. ಬೆರಳುಗಳು ಮೊದಲಿನಂತೆ ಮಡಚುತ್ತವೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರು. ಮರುದಿನದಿಂದ ಹಾಡಿಯ ಒಬ್ಬ ಹೆಂಗಸೂ ಗಾಡಿ ಹತ್ತಿಲ್ಲ. ಬಿತ್ತನೆ ಶುಂಠಿ ಕೊಟ್ಟಿಗೆಯಲ್ಲಿ ಮೊಳಕೆ ಒಡೆದು ಕುಳಿತಿದೆ.

ಶನಿವಾರ ಬಂದವನೇ ಭಾವನ ಮೇಲೆ ಹರಿಹಾಯ್ದೆ. ಷೋಕಿಗೆ ಒಬ್ಬ ಹೆಂಗಸಿನ ಕೈ ಸುಟ್ಟೆ ಎಂದೆ. ಅವನು ತಲೆ ತಗ್ಗಿಸಿ ಶುಂಠಿಯ ಮೊಳಕೆ ಮುರಿಯದಂತೆ ತುಂಡು ಮಾಡುತ್ತಿದ್ದ. ಕೊನೆಗೆ ಕತ್ತಿ ಕೆಳಗಿಟ್ಟ.

"ಮಾಷೇ, ಆ ಕೊಳವೆ ಇಡ್ಸು ಅಂದೋನು ನೀನು."

ಮಾಷ್ ಎಂದರೆ ಮೇಷ್ಟ್ರು. ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ ಭಾವ ನನ್ನನ್ನು ಹಾಗೆ ಕರೆಯುತ್ತಾನೆ.

ಕಳೆದ ಮಳೆಗಾಲದಲ್ಲಿ ಗಾಡಿ ತೋಡಿನ ನಡುವೆ ನಿಂತುಹೋದ ದಿನ ನೀನೂ ಇದ್ದೆ, ಆಗ ಹೇಳಿದೆ ಎಂದ. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಭಾವ ಆಕ್ಸಿಲರೇಟರಿನಿಂದ ಕಾಲು ತೆಗೆದ, ಇಂಜಿನ್ ಕೆಮ್ಮಿ ನಿಂತಿತು, ಸೈಲೆನ್ಸರಿಗೆ ನೀರು ಹೋಯಿತು. ಹೆಂಗಸರು ಇಳಿದು ತಳ್ಳಿದರು, ಅವರ ಜೊತೆ ನಾನೂ ತಳ್ಳಿದೆ. ತೊಡೆಯವರೆಗೆ ಒದ್ದೆಯಾದ ಪ್ಯಾಂಟಿನಲ್ಲಿ ಆಮೇಲೆ ಅಂಗಡಿಯಲ್ಲಿ ಚಹಾ ಕುಡಿದದ್ದು ಕೂಡ ಕಣ್ಣಿಗೆ ಕಟ್ಟಿದಂತಿತ್ತು. ಚಹಾ ಕುಡಿಯುತ್ತ ಭಾವನೇ ಟ್ರ್ಯಾಕ್ಟರಿನ ಹಾಗೆ ಕೊಳವೆ ಏರಿಸಬೇಕು ಎಂದ, ನಾನು ನಕ್ಕೆ. ನಕ್ಕದ್ದು ಖಂಡಿತ ನೆನಪಿತ್ತು.

ಅಕ್ಕನೂ ಗಂಡನ ಪರ ನಿಂತಳು. ಗಾಡಿ ನಿಂತ ಆ ದಿನ ರಾತ್ರಿ ಊಟಕ್ಕೆ ಕೂತಾಗ ಹೊಗೆಗೆ ಮೇಲಕ್ಕೆ ಹೋಗುವುದೇ ಸ್ವಭಾವ ಎಂದು ನಾನು ಪಾಠ ಮಾಡಿದ್ದನ್ನು ತಾನು ಕೇಳಿದ್ದೇನೆ ಎಂದಳು. ಗಂಡನನ್ನು ಉಳಿಸಲು ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳು ಹೇಳಿದ ವಾಕ್ಯ ಮಾತ್ರ ನನ್ನ ವಾಕ್ಯದ ಹಾಗೆಯೇ ಇತ್ತು. ಅದರಿಂದ ನನ್ನ ಅನುಮಾನ ಹೆಚ್ಚಾಯಿತು. ನನ್ನ ಮಾತಿನ ಶೈಲಿ ಗೊತ್ತಿದ್ದವಳಿಗೆ ಅದನ್ನು ಕಟ್ಟುವುದು ಕಷ್ಟವೇ?

ಸೋಮವಾರ ಕಾಲೇಜಿಗೆ ರಜೆ ಹಾಕಿ ಬತ್ತೇರಿಗೆ ಹೋದೆ. ಕೊಳವೆ ಕೂಡಿಸಿದ ವೆಲ್ಡಿಂಗ್ ಅಂಗಡಿ ಹುಡುಕಿ, ಇದು ಯಾರ ಯೋಚನೆ ಎಂದು ಕೇಳಿದೆ. ವೆಲ್ಡರ್ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದ. ನೀವು ಕಳಿಸಿದ ಚಿತ್ರದ ಪ್ರಕಾರವೇ ಮಾಡಿದ್ದೇನೆ ಎಂದು ಮಲಯಾಳದಲ್ಲಿ ಹೇಳಿದ. ಯಾವ ಚಿತ್ರ? ಭಾವ ತಂದು ತೋರಿಸಿದ್ದನಂತೆ, ಪರೀಕ್ಷೆಯ ಉತ್ತರಪತ್ರಿಕೆಯಂಥ ಹಾಳೆಯ ಹಿಂದೆ ಪೆನ್ನಿನಿಂದ ಬರೆದದ್ದು, ಹೊಗೆಗೆ ಬಾಣದ ಗುರುತು ಕೂಡ ಇತ್ತಂತೆ. ಹಾಳೆ ಎಲ್ಲಿ ಎಂದರೆ ಅದನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದ. ಹಾಗಾದರೆ ಸಾಕ್ಷ್ಯವಿಲ್ಲ ಎಂದು ನನಗೆ ಒಂದು ಕ್ಷಣ ಸಮಾಧಾನವಾಯಿತು. ಆ ಸಮಾಧಾನ ನನಗೇ ಹಿಡಿಸಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಭಾವನಿಗೆ ಸುಳ್ಳು ಹೇಳಲು ಕಾರಣವಿದೆ. ಅಕ್ಕನಿಗೆ ಇದೆ. ವೆಲ್ಡರ್ ಭಾವನ ಗೆಳೆಯ, ಅವನಿಗೂ ಇರಬಹುದು. ಭಾವನನ್ನು ಉಳಿಸಲು ಯಾವ ಕಾರಣವೂ ಇಲ್ಲದವಳು ಒಬ್ಬಳೇ, ಕೈ ಸುಟ್ಟವಳು. ಅವಳೂ ಆ ದಿನ ತೋಡಿನಲ್ಲಿದ್ದಳು.

ಭಾವನನ್ನೂ ಕರೆದುಕೊಂಡು ಹಾಡಿಗೆ ನಡೆದೇ ಹೋದೆ. ಮುದುಕಿ ಜಗಲಿಯ ಮೇಲೆ ಕೂತಿದ್ದಳು, ಪಟ್ಟಿ ಕಟ್ಟಿದ ಕೈ ಮಡಿಲಲ್ಲಿತ್ತು. ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ಹೇಗಿದೆ ಎಂದು ಕೇಳಿದೆ. ಮಡಚಿ ತೋರಿಸಲು ನೋಡಿದಳು, ಎರಡು ಬೆರಳು ಬಂದವು, ಮಿಕ್ಕವು ಬರಲಿಲ್ಲ. ಆಗಲೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ನಾನು ಕೇಳಿಯೇಬಿಟ್ಟೆ. ಆವತ್ತು ತೋಡಿನಲ್ಲಿ ನಾವೆಲ್ಲ ಗಾಡಿ ತಳ್ಳಿದ ಮೇಲೆ, ಕೊಳವೆಯ ಮಾತು ಮೊದಲು ಎತ್ತಿದ್ದು ಯಾರು?

ಅವಳು ಅಕ್ಕಿಯಿಂದ ಕಣ್ಣೆತ್ತಿದಳು. ಚಿಕ್ಕಂದಿನಿಂದಲೂ ಅವಳು ನನ್ನನ್ನು ಮೋನೇ, ಅಂದರೆ ಮಗನೇ, ಎಂದೇ ಕರೆಯುವುದು.

"ನೀ ಎಲ್ಲಿ ತಳ್ದೆ ಮೋನೇ? ನೀ ಇಳೀಲೇ ಇಲ್ಲ. ಮುಂದ್ಗಡೆ ಕೂತಿದ್ದೆ, ಮಡ್ಲಲ್ಲಿ ಬ್ಯಾಗು."

ಪಕ್ಕದ ಜಗಲಿಯಲ್ಲಿ ಯಾರೋ ಹೆಂಗಸು ನಕ್ಕು ಸೆರಗು ಬಾಯಿಗಿಟ್ಟುಕೊಂಡಳು. ನನ್ನ ಪ್ಯಾಂಟು ಒದ್ದೆಯಾಗಿತ್ತಲ್ಲ ಎಂದೆ. ಬಾಗಿಲಿನ ಸಂದಿಯಿಂದ ನೀರು ಒಳಗೆ ಬಂದಿತ್ತು, ಅದಕ್ಕೇ ನೀನು ಬ್ಯಾಗು ಎತ್ತಿಕೊಂಡಿದ್ದೆ ಎಂದಳು. ಭಾವ ನೆಲ ನೋಡುತ್ತಿದ್ದ. ಎರಡು ದಿನ ಜಗಳವಾಡಿದರೂ ಅವನು ಈ ಒಂದು ಸಂಗತಿಯನ್ನು ನನ್ನ ಮುಖಕ್ಕೆ ಹೇಳಿರಲಿಲ್ಲ.

"ನಾವು ತಳ್ತಾ ಇದ್ವಿ. ನೀ ಕಿಟ್ಕಿಯಿಂದ ತಲೆ ಹಾಕಿ ಇವನಿಗೆ ಹೇಳ್ದೆ, ಕೊಳ್ವೆ ಮೇಲಕ್ಕೆ ಏರ್ಸು, ಹೊಗೆ ಮೇಲೇ ಹೋಗ್ಲಿ ಅಂತ." ಅವಳು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಮೇಲೆ ನಾವಲ್ವಾ ಇರೋದು."

ಅವಳ ಮೇಲೂ ಅನುಮಾನಪಡಲು ನೋಡಿದೆ. ನೋವಿನಲ್ಲಿ ಇರುವವಳು, ವಯಸ್ಸಾದವಳು, ಒಂದು ದಿನವನ್ನು ಇನ್ನೊಂದಕ್ಕೆ ಬೆರೆಸಿರಬಹುದು. ಆದರೆ ನಾನು ತಳ್ಳಿದ್ದೇ ನಿಜವಾದರೆ ನನ್ನ ಅಂಗೈಗೆ ಗಾಡಿಯ ತಗಡಿನ ನೆನಪು ಇರಬೇಕು, ಕಾಲಿಗೆ ತೋಡಿನ ಕಲ್ಲಿನ ನೆನಪು ಇರಬೇಕು. ಅವು ಇರಲಿಲ್ಲ. ಇದ್ದದ್ದು ಒದ್ದೆ ಪ್ಯಾಂಟು ಮತ್ತು ಚಹಾ, ಅಷ್ಟೆ. ಮಿಕ್ಕದ್ದನ್ನು ನಾನು ಯಾವಾಗ ಕಟ್ಟಿಕೊಂಡೆನೋ ಇವತ್ತಿಗೂ ಗೊತ್ತಿಲ್ಲ.

ನಾನೇ ಹೇಳಿರಬೇಕು ಎಂದೆ. ಭಾವ ತಟ್ಟನೆ ನನ್ನ ಕಡೆ ತಿರುಗಿದ. ಮುದುಕಿಗೆ ಆ ತಪ್ಪೊಪ್ಪಿಗೆ ದೊಡ್ಡದಾಗಿ ಕಾಣಲಿಲ್ಲ. ಯಾರು ಹೇಳಿದರೂ ತನ್ನ ಕೈ ಅದೇ ಎಂಬಂತೆ ನೋಡಿದಳು.

"ತೆಗ್ಸು. ತೆಗ್ಸಿದ್ರೆ ಇವ್ರು ಬತ್ತಾರೆ. ನಂದು, ಕೈ ವಾಸಿ ಆದ್ಮೇಲೆ ನೋಡುವ."

ಭಾವನಿಗೆ ಕೊಳವೆಯ ಮೇಲೆ ಮೋಹ ಇತ್ತು, ಅದರಲ್ಲಿ ನನ್ನ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ. ಸುತ್ತ ಜಾಲರಿ ಹಾಕಿಸಿದರೆ ಸಾಲದೇ ಎಂದು ದಾರಿಯುದ್ದಕ್ಕೂ ಕೇಳಿದ. ಹೊಗೆಗೆ ಜಾಲರಿ ಹಾಕುವುದು ಹೇಗೆ ಎಂದು ನಾನು ಕೇಳಿದ ಮೇಲೆ ವೆಲ್ಡರಿಗೆ ಫೋನು ಮಾಡಿದ. ಮರುದಿನ ಅದೇ ವೆಲ್ಡರ್ ಬುಡದಲ್ಲಿ ಕತ್ತರಿಸಿ, ಸೈಲೆನ್ಸರನ್ನು ಹಳೆಯ ಹಾಗೆ ಕೆಳಗೆ ಹಿಂದಕ್ಕೆ ತಿರುಗಿಸಿದ. ಈ ಸಲ ಚಿತ್ರ ತಂದಿಲ್ಲವೇ ಎಂದು ಕೇಳಲು ಅವನು ಮರೆಯಲಿಲ್ಲ. ತೋಡಿನಲ್ಲಿ ನೀರು ಏರಿದ ದಿನ ಗಾಡಿಯನ್ನು ಈಚೆ ದಡದಲ್ಲೇ ನಿಲ್ಲಿಸಿ, ಎಲ್ಲರೂ ಮರದ ಕಾಲುಸಂಕದ ಮೇಲೆ ನಡೆದು ದಾಟುವುದು ಎಂದಾಯಿತು. ಅಷ್ಟು ಸುಲಭದ ದಾರಿ ನನ್ನ ಭೌತಶಾಸ್ತ್ರಕ್ಕೆ ಹೊಳೆದಿರಲಿಲ್ಲ.

ಹೆಂಗಸರು ಬಂದರು, ಬಿತ್ತನೆ ಮುಗಿಯಿತು. ಮುದುಕಿ ಬಂದದ್ದು ಒಂದೂವರೆ ತಿಂಗಳ ಮೇಲೆ, ಕಳೆ ತೆಗೆಯುವ ಹೊತ್ತಿಗೆ. ಅಂಗೈಯಲ್ಲಿ ಹೊಸ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ನಾಲ್ಕು ಬೆರಳು ಮಡಚುತ್ತಿದ್ದವು, ಕಿರುಬೆರಳು ಮಾತ್ರ ಮಡಚುತ್ತಿರಲಿಲ್ಲ. ಕಳೆ ಕೈಹಿಡಿತಕ್ಕೆ ಸಿಗುತ್ತದೋ ಎಂದು ನೋಡಲು ಬಂದಿದ್ದೇನೆ, ಆಗದಿದ್ದರೆ ಮಧ್ಯಾಹ್ನ ಮನೆಗೆ ಹೋಗುತ್ತೇನೆ ಎಂದಳು. ಮುಂದೆ ಕೂರು ಎಂದು ಭಾವ ಬಾಗಿಲು ತೆರೆದ. ಅವಳು ಒಪ್ಪಲಿಲ್ಲ, ಹಿಂದೆ ಹತ್ತಿದಳು. ನಾನೂ ಹತ್ತಿದೆ.

ಬಲಮೂಲೆಯನ್ನು ಹೆಂಗಸರು ಖಾಲಿ ಬಿಟ್ಟಿದ್ದರು. ಅವಳು ಅಲ್ಲಿಗೆ ಹೋಗಿ ನಿಂತಳು, ಕೈ ಮಾತ್ರ ಎದೆಗೆ ಒತ್ತಿಕೊಂಡೇ ಇತ್ತು. ಗಾಡಿ ಹೊರಟರೆ ಬೀಳುತ್ತಾಳೆ ಎನಿಸಿತು. ಈಗ ಅಲ್ಲಿ ಬರೀ ಕಂಬಿ, ತಣ್ಣಗಿದೆ ಎಂದು ಹೇಳಿದೆ.

"ನೀ ಮುಟ್ಟು, ನೋಡುವ," ಎಂದಳು.

ಮುಟ್ಟಿದೆ. ತೆಗೆಯದೆ ಹಾಗೆಯೇ ಹಿಡಿದುಕೊಂಡೆ. ಅವಳು ನನ್ನ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದಳು. ಭಾವ ಇಂಜಿನ್ ಚಾಲೂ ಮಾಡಿದ, ಕಂಬಿ ಅದುರಿತು. ಇನ್ನೂ ಸ್ವಲ್ಪ ಹೊತ್ತು ನೋಡಿ, ನನ್ನ ಕೈಯ ಕೆಳಗೆ ಮೊದಲು ಒಂದು ಬೆರಳು, ಆಮೇಲೆ ಮಡಚಲು ಬರುವ ನಾಲ್ಕನ್ನೂ ಇಟ್ಟಳು. ಹೊರಡಲಿ ಎಂದು ನಾನು ಕ್ಯಾಬಿನ್ನಿನ ತಗಡು ತಟ್ಟಿದೆ.