ನಾನು ತೆಗೆಸಿದ ಕಂಬ

ಬಡಿಗೇರ ಕಾಕಾನ ಎಡಗಿವಿಯಲ್ಲಿ ಯಾವಾಗಲೂ ಮರದ ಹುಡಿ ಇರುತ್ತಿತ್ತು. ಇಳಕಲ್ಲಿನ ಯಾರ ಮನೆಗೇ ಹೋಗಲಿ, ಮೊದಲು ಏಣಿ ಹತ್ತಿ ಜಂತಿಗೆ ಕಿವಿ ಹಚ್ಚುವುದು, ಬೆರಳಗಂಟಿನಿಂದ ಬಡಿದು ಗಟ್ಟಿಯೋ ಪೊಳ್ಳೋ ಎಂದು ಆಲಿಸುವುದು. ಅವಸರ ಮಾಡಿದವರಿಗೆ, "ಸುಮ್ಕಿರ್ರಿ, ನಾ ಅದರ ಮಾತು ಕೇಳಾಕತ್ತೇನಿ" ಅನ್ನುತ್ತಿದ್ದ.

ನನ್ನ ನಿಶ್ಚಯಕ್ಕೆ ತಿಂಗಳಿದ್ದಾಗ ಅಪ್ಪ ಅವನನ್ನು ಕರೆಸಿದ. ಪಡಸಾಲೆಯ ಮೇಲಿನ ಮಹಡಿಯ ನೆಲ ಹೊತ್ತ ಜಂತಿಗಳಲ್ಲಿ ಐದಕ್ಕೆ ಗೆದ್ದಲು ಹತ್ತಿತ್ತು. ಒಂದೊಂದರ ಮಗ್ಗುಲಿಗೂ ಹೊಸ ಸಾಗವಾನಿ ಜೋಡಿಸಿ ಬೋಲ್ಟ್ ಬಿಗಿಯುತ್ತ ಬಂದವನು ಮೂರು ಮುಗಿಸಿ ನಿಲ್ಲಿಸಿಬಿಟ್ಟ. ಉಳಿದ ಕಟ್ಟಿಗೆ ಹಸಿ ಇದೆ, ಒಣಗಿದ ಮೇಲೆ ಬೋಲ್ಟ್ ಸಡಿಲಾಗುತ್ತದೆ ಎಂದು ಅವನ ಹಟ. ಅಪ್ಪ ಎಷ್ಟು ರೇಗಿದರೂ ಕೇಳಲಿಲ್ಲ. ಬಾಕಿ ಎರಡು ಜಂತಿಗಳಿಗೆ ಕೆಳಗಿನಿಂದ ಅಡ್ಡಪಟ್ಟಿ ಕೊಟ್ಟು, ಅದಕ್ಕೆ ಆಸರೆಯಾಗಿ ಪಡಸಾಲೆಯ ನಡುವೆ ಒಂದು ಕಂಬ ನಿಲ್ಲಿಸಿದ. "ನಾ ಬರೂತನಕ ಇದನ್ನ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದ.

ಆಗ ನಮ್ಮ ಓಣಿಗೆ ವಿಡಿಯೊ ಹೊಸದು. ನಿಶ್ಚಯದ ದಿನ ವಿಡಿಯೊದಲ್ಲಿ ನನ್ನ ಮುಖಕ್ಕೆ ಅಡ್ಡ ಬರುತ್ತದೆಂದು ಆ ಕಂಬ ತೆಗೆಸಿದ್ದು ನಾನು. ಒಂದು ದಿನದ ಮಾತಲ್ಲವೇ ಎಂದು ಅಪ್ಪನೂ ಒಪ್ಪಿದ. ಕಂಬ ಹಿತ್ತಲಿಗೆ ಹೋಯಿತು. ಮಧ್ಯಾಹ್ನ ಬೀಗರು ಮಹಡಿಯಲ್ಲಿ ಊಟಕ್ಕೆ ಕೂತಾಗ ಅವೇ ಎರಡು ಜಂತಿಗಳು ಮುರಿದು ನೆಲ ಕುಸಿಯಿತು. ನನಗೆ ಅತ್ತೆಯಾಗುವವರ ಕಾಲು ಮುರಿಯಿತು.

ಕಾಕಾನನ್ನು ಕರೆಸಿ, ಎಲ್ಲ ಗೊತ್ತಿದ್ದೂ ಅಪ್ಪ ಬೀಗರ ಮುಂದೆ ಬಾಯಿಗೆ ಬಂದಂತೆ ಬೈದ. ಕಾಕಾ ಹಿತ್ತಲಲ್ಲಿ ಬಿದ್ದ ಕಂಬ ನೋಡಿದ, ಆಮೇಲೆ ನನ್ನನ್ನು ನೋಡಿದ. ಹುಡುಗಿಯ ಹಟಕ್ಕೆ ಹೀಗಾಯಿತೆಂದರೆ ಸಂಬಂಧ ಉಳಿಯುವುದಿಲ್ಲ ಎಂಬುದು ಅವನಿಗೆ ತಿಳಿಯದ್ದೇನಲ್ಲ.

"ನಂದ ತಪ್ಪು ಐತ್ರಿ" ಅಂದ.

ನನ್ನ ಮದುವೆ ಆಯಿತು. ಅವನನ್ನು ಊರಲ್ಲಿ ಯಾರೂ ಕೆಲಸಕ್ಕೆ ಕರೆಯದಾದರು. ಅಂಥ ಕೈಯವನು ಕಡೆಗೆ ನನ್ನ ಗಂಡನ ಊರು ಹುನಗುಂದದಲ್ಲಿ ಕಟ್ಟಿಗೆ ಕೊಯ್ಯುವ ಮಿಷಿನ್ನಿನ ಮುಂದೆ ದಿಮ್ಮಿ ಹೊರುತ್ತಿದ್ದ. ಎದುರಾದರೆ ಅರಾಮ ಇದ್ದೀಯೇನವ್ವ ಎಂದು ತಾನೇ ವಿಚಾರಿಸುತ್ತಿದ್ದ. ಕ್ರಮೇಣ ನಾನು ಆ ದಾರಿಯನ್ನೇ ಬಿಟ್ಟೆ. ನನ್ನಂಥ ಹೇಡಿ ಇನ್ನೊಬ್ಬಳನ್ನು ನಾನು ಕಂಡಿಲ್ಲ.

ಅವನು ತೀರಿಕೊಂಡ ಮೇಲೆ ಗಂಡನ ಜೊತೆ ಅವನ ಮನೆಯವರನ್ನು ಮಾತಾಡಿಸಲು ಹೋದೆ. ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತಳು.

"ಅವರು ಸಾಯೂತನಕ ಆ ಮಾತು ತಗೀಲಿಲ್ಲ. ನೀನರ ಹೇಳವ್ವ, ಖರೇನ ಅವರ ಕೆಲಸದಾಗ ತಪ್ಪಿತ್ತೇನ?"

ಗಂಡ ಪಕ್ಕದಲ್ಲೇ ಕೂತಿದ್ದರು. ನಾನು ಹೌದು ಅಂದೆ.