ಸರ್ವರಿನ ನೆನಪು, ಕಾಕುವಿನ ಮೂಗು

ಫೆಬ್ರುವರಿ ಎಂಟು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸಾಬೂನು ಹಚ್ಚಿ ತೊಳೆದರೂ ಬೆರಳುಗಳಿಂದ ಯಾಲಕ್ಕಿಯ ವಾಸನೆ ಹೋಗಿಲ್ಲ. ಈ ವಾಸನೆಗೂ ನಾನು ಹೊಟ್ಟೆಪಾಡಿಗೆ ಮಾಡುವ ಕಂಪ್ಯೂಟರ್ ಕೆಲಸಕ್ಕೂ ಸಂಬಂಧವಿದೆ ಅಂದರೆ ನೀವು ನಗುತ್ತೀರಿ. ನಗಿ, ಆದರೆ ಕೂತುಕೊಂಡು ನಗಿ. ಸ್ವಲ್ಪ ಹೊತ್ತು ಹಿಡಿಯುತ್ತದೆ.

ಕಮಲಾಪುರದಿಂದ ಕಾಕು ಬಂದಿದ್ದಾಳೆ. ಕಾಕು ಅಂದರೆ ನನ್ನ ಕಾಕಾನ, ಚಿಕ್ಕಪ್ಪನ, ಹೆಂಡತಿ. ಬಲಗಣ್ಣಿನ ಪೊರೆ ತೆಗೆಸಿಕೊಂಡು, ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಹಾಕಿಸಿಕೊಂಡು, ನಮ್ಮ ಮನೆಯ ಆರಾಮ ಕುರ್ಚಿಯಲ್ಲಿ ಸಂಸ್ಥಾನದ ಒಡತಿಯ ಹಾಗೆ ಕೂತಿದ್ದಾಳೆ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕುವ ಜವಾಬ್ದಾರಿ ನನ್ನದು. ನಾನು ಡೈರಿ ಬರೆಯುವವಳು. ಡಾಕ್ಟರರು ಹೇಳಿದ್ದು ಮುಗಿಯುವ ಮೊದಲೇ ಡೈರಿಯಲ್ಲಿ ಪಟ್ಟಿ ಎಳೆದು ಹೊತ್ತು ಬರೆದು ಗುರುತು ಹಾಕಲು ಜಾಗ ಬಿಟ್ಟಿದ್ದೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಹಲ್ಲಿನ ಬ್ರಷ್ ಬದಲಿಸಿದ ದಿನ, ಎಲ್ಲಕ್ಕೂ ನನ್ನಲ್ಲಿ ದಾಖಲೆ ಇದೆ. ಇದರಿಂದ ಇದುವರೆಗೆ ಯಾರಿಗೂ ಉಪಯೋಗವಾಗಿಲ್ಲ, ಅದು ಬೇರೆ ಮಾತು.

ಇವತ್ತು ಬೆಳಿಗ್ಗೆ ಕಾಕು ನನ್ನನ್ನು ಹತ್ತಿರ ಕರೆದು, ಬಲಗೈ ಎಳೆದುಕೊಂಡು, ಮೂಗಿಗೆ ಹಿಡಿದಳು.

"ಇನ್ನೂ ಏನೂ ತಿಂದಿಲ್ಲ ನೀ. ಡಬ್ಬ್ಯಾಗ ಸೀಕರಣಿ ಅದ, ಮೊದಲ ಅದನ್ನ ತಿನ್ನು."

ಬಾಳೆಹಣ್ಣು ಕಿವುಚಿ ಹಾಲು, ಸಕ್ಕರೆ, ಯಾಲಕ್ಕಿ ಹಾಕಿದ ಸೀಕರಣಿ. ತಿಂದೆ. ವಾಸನೆ ಅದರದ್ದು. ಕಣ್ಣಿಗೆ ಮುಚ್ಚಳ ಬಿದ್ದದ್ದಕ್ಕೆ ಕಾಕು ಮೂಗು ಬಳಸುತ್ತಿದ್ದಾಳೆ ಅಂದುಕೊಳ್ಳಬೇಡಿ. ಕಣ್ಣು ಚೆನ್ನಾಗಿದ್ದ ಕಾಲದಿಂದಲೂ ಅವಳ ಪದ್ಧತಿ ಇದೇ. ಅದು ಶುರುವಾದದ್ದು ನನ್ನಿಂದ.

ಬೇಸಿಗೆ ರಜೆಗೆ ನಾವು ಮಕ್ಕಳೆಲ್ಲ ಕಮಲಾಪುರಕ್ಕೆ ಹೋಗುತ್ತಿದ್ದೆವು. ಮನೆಯ ಹಿಂದೆಯೇ ಕಾಕಾನ ತೋಟ, ಅದರ ತುಂಬ ಕೆಂಪು ಬಾಳೆ. ಕಾಕುವಿನ ಮಗಳು ಪಮ್ಮಿ ಮತ್ತು ನಾನು ಒಂದೇ ಎತ್ತರ, ಒಂದೇ ತಾನಿನ ಬಟ್ಟೆಯಲ್ಲಿ ಹೊಲಿಸಿದ ಹಸಿರು ಪರಕಾರ, ಒಂದೇ ನಮೂನೆ ಜಡೆ. ಕಾಕು ಮಕ್ಕಳನ್ನು ಸಾಲಾಗಿ ಕೂಡಿಸಿ ಬಡಿಸುವಳು, ಯಾರು ಉಂಡರು ಎಂಬುದನ್ನು ತಲೆಯಲ್ಲೇ ಇಟ್ಟುಕೊಳ್ಳುವಳು. ಒಂದು ಮಧ್ಯಾಹ್ನ ನಾನು ತೋಟದಲ್ಲಿ ಉಳಿದುಬಿಟ್ಟೆ. ಸೀಕರಣಿಯ ಆಸೆಗೆ ಪಮ್ಮಿ ಎರಡನೇ ಪಂಕ್ತಿಯಲ್ಲೂ ತಲೆ ತಗ್ಗಿಸಿ ಕೂತು ನನ್ನ ಪಾಲನ್ನೂ ಉಂಡೆದ್ದಳು. ನಾನು ಬಂದು ತಾಟು ಹಾಕಿಕೊಂಡರೆ ಕಾಕು ಬಿದ್ದು ಬಿದ್ದು ನಕ್ಕಳು.

"ನಿಂದು ಊಟ ಆಗ್ಯದಲ್ಲಾ! ನಾನೇ ಬಡಿಸೀನಿ."

"ಇಲ್ಲ ಕಾಕು, ನಾ ಉಂಡಿಲ್ಲ."

"ಹೊಟ್ಟಿಬಾಕಿ! ಸೀಕರಣಿ ಅಂದಕೂಡಲೇ ಉಂಡದ್ದೂ ಮರತು ಹೋತು."

ನಾನು ಅತ್ತೆ. ಕಾಕು ಸುಳ್ಳು ಹೇಳುತ್ತಿರಲಿಲ್ಲ. ಅವಳ ನೆನಪಿನಲ್ಲಿ ನನ್ನ ಹೆಸರಿನ ಮುಂದೆ ಊಟ ಆಗಿತ್ತು. ನನ್ನ ಹೊಟ್ಟೆಯಲ್ಲಿ ಆಗಿರಲಿಲ್ಲ. ಕೊನೆಗೆ ಕಾಕಾ ಒಳಗೆ ಬಂದು, "ಮಾತು ಯಾಕ, ಅದರ ಕೈ ನೋಡು" ಅಂದರು. ಕಾಕು ನನ್ನ ಕೈ ಮೂಸಿದಳು. ಮಣ್ಣು, ಬಾಳೆದಿಂಡಿನ ಸೊನೆ. ಯಾಲಕ್ಕಿಯ ಸುಳಿವೇ ಇಲ್ಲ. ಅವಳ ಮುಖ ಸಣ್ಣದಾಯಿತು. ಆ ಹೊತ್ತಿನಲ್ಲಿ ಒಲೆ ಹಚ್ಚಿ ನನ್ನೊಬ್ಬಳಿಗಾಗಿ ಅನ್ನ ಮಾಡಿದಳು. ಅಂದಿನಿಂದ ಆ ಮನೆಯಲ್ಲಿ "ಉಂಡ್ಯಾ?" ಎಂಬ ಪ್ರಶ್ನೆ ಹೋಗಿ "ಕೈ ತೋರಸು" ಬಂತು.

ಈಗ ಕಂಪ್ಯೂಟರಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ, ನನ್ನ ಮೊದಲ ನೌಕರಿ. ಶರಣಬಸವೇಶ್ವರ ದೇವಸ್ಥಾನದ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಯೇ ನಮ್ಮ ಆಫೀಸು. ದಾಲ್ ಮಿಲ್ಲುಗಳಿಗೆ ಚೀಲದ ಮೇಲೆ ಅಂಟಿಸುವ ಚೀಟಿ ಮುದ್ರಿಸುವ ಪ್ರೋಗ್ರಾಮ್ ನಮ್ಮ ದೊಡ್ಡ ಉತ್ಪನ್ನ. ಆಫೀಸಿನ ಮಾಲೀಕರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ನನಗೆ ಕೆಲಸ ಕಲಿಸಿದವರು ನಮ್ಮೂರಿನದೇ ಗಾಜಿಪುರ ಓಣಿಯ ರಿಜ್ವಾನ್ ಭಾಯಿ.

ಬರೆದ ಸಾಲುಗಳನ್ನೆಲ್ಲ ಕೂಡಿಸಿ ಗಿರಾಕಿ ಬಳಸುವಂಥ ಪ್ರೋಗ್ರಾಮ್ ಕಟ್ಟುವುದಕ್ಕೆ ನಾವು ಬಿಲ್ಡ್ ಎನ್ನುತ್ತೇವೆ. ಅದಕ್ಕೆಂದೇ ಮೂಲೆಯಲ್ಲಿ ಒಂದು ಮಷೀನು ಇತ್ತು. ಅದರಲ್ಲಿ ತಯಾರಾಗದ್ದು ಹೊರಗೆ ಹೋಗಬಾರದೆಂಬುದು ಕಡ್ಡಾಯ. ಈ ಕಾಯಿದೆಗೆ ಕಾರಣ ರಿಜ್ವಾನ್ ಭಾಯಿಯೇ. ಒಮ್ಮೆ ಅವಸರದಲ್ಲಿ ತಮ್ಮ ಕಂಪ್ಯೂಟರಿನಲ್ಲೇ ಬಿಲ್ಡ್ ಮಾಡಿ ಕಳಿಸಿದ್ದರು. ಪರೀಕ್ಷೆಗೆಂದು ಕಾಳಿನ ಹೆಸರಿನ ಜಾಗದಲ್ಲಿ ಅವರು ಬರೆದುಕೊಂಡಿದ್ದ ಪದವೂ ಜೊತೆಗೆ ಹೋಯಿತು. ಒಂದು ಲಾರಿ ತೊಗರಿಬೇಳೆ "ಬಿರ್ಯಾನಿ, ಒಂದನೇ ದರ್ಜೆ" ಎಂಬ ಚೀಟಿ ಹೊತ್ತು ಹೊರಟಿತ್ತು.

ಬೆಳಿಗ್ಗೆ ಆರಕ್ಕೆ ಆ ಮಷೀನು ತಾನಾಗಿ ಎದ್ದು ಬಿಲ್ಡ್ ಮಾಡಬೇಕು. ಮೌಸ್ ಒತ್ತಲು ಆಗ ಯಾರೂ ಇರುವುದಿಲ್ಲ. ಹಾಗಾಗಿ ಎಲ್ಲವನ್ನೂ ಕಪ್ಪು ಪರದೆಯ ಆಜ್ಞೆಗಳಲ್ಲಿ ಮೊದಲೇ ಬರೆದಿಡಬೇಕು. ಆಜ್ಞೆಯ ಕೊನೆಗೆ "ನನ್ನನ್ನು ಏನೂ ಕೇಳಬೇಡ" ಎಂದೂ ಸೇರಿಸಬೇಕು. ಅದನ್ನು ಬಿಟ್ಟಿದ್ದಕ್ಕೆ ಒಮ್ಮೆ ಮಷೀನು "ಖಂಡಿತವೇ?" ಎಂದು ಕೇಳಿ, ಹತ್ತು ಗಂಟೆಗೆ ಬೀಗ ತೆಗೆಯುವವರೆಗೂ ಉತ್ತರಕ್ಕಾಗಿ ಕಾದು ಕೂತಿತ್ತು. ಕಾಕು ಬಡಿಸುವಾಗ ಕೇಳುವುದೇ ಇಲ್ಲವಲ್ಲ, ಹಾಗಿರಬೇಕು ಅದು.

ನಾವು ಬರೆದದ್ದೆಲ್ಲ ಇರುವುದು ಸರ್ವರಿನಲ್ಲಿ. ಅಲ್ಲಿನ ಇಂಥ ಫೋಲ್ಡರಿನ ಪ್ರತಿ ಈ ಮಷೀನಿನ ಇಂಥ ಫೋಲ್ಡರಿಗೆ ಬರಬೇಕು ಎಂಬ ಕರಾರಿಗೆ ವರ್ಕ್‌ಸ್ಪೇಸ್ ಎಂದು ಹೆಸರು. ಯಾವ ಯಾವ ಫೈಲು ಕೊಟ್ಟಾಗಿದೆ ಎಂಬುದನ್ನು ಸರ್ವರೇ ನೆನಪಿಟ್ಟುಕೊಳ್ಳುತ್ತದೆ. ಹೊಸದಿದ್ದರೆ ಮಾತ್ರ ಕಳಿಸುತ್ತದೆ. ಒಳ್ಳೆಯ ವ್ಯವಸ್ಥೆ. ಪಮ್ಮಿ ಎರಡು ಸಲ ಊಟಕ್ಕೆ ಕೂಡುವವರೆಗೆ ಕಾಕುವಿನದೂ ಒಳ್ಳೆಯ ವ್ಯವಸ್ಥೆಯೇ ಆಗಿತ್ತು.

ಆ ವರ್ಷ ದಸರೆಯ ಹೊತ್ತಿಗೆ ಕಾಕಾ ಒಂದು ಸಾಹಸಕ್ಕೆ ಇಳಿದರು. ಹೊಲಕ್ಕೇ ಬಂದು ಗೊನೆ ಒಯ್ಯುವ ದಲಾಲರನ್ನು ಬಿಟ್ಟು, ತಾವೂ ಕೆಲವು ಬೆಳೆಗಾರರೂ ಕೂಡಿ ಕೆಂಪು ಬಾಳೆಯನ್ನು ಪೆಟ್ಟಿಗೆಯಲ್ಲಿ ತುಂಬಿ ನೇರವಾಗಿ ಹೈದರಾಬಾದಿನ ಒಂದು ಅಂಗಡಿಗೆ ಕಳಿಸುವುದು. ಅಂಗಡಿಯವನ ಷರತ್ತು ಒಂದೇ. ಯಾರ ತೋಟದ್ದು, ಎಂದು ಕೊಯ್ದದ್ದು ಎಂಬ ಮುದ್ರಿತ ಚೀಟಿ ಪ್ರತಿ ಪೆಟ್ಟಿಗೆಯ ಮೇಲೂ ಇರಬೇಕು. ಕೈಬರಹ ನಡೆಯದು. ಬೆಳೆಗಾರರು ಹಿಂಜರಿದರು. ಕಾಕಾ ಎದೆ ತಟ್ಟಿ ಹೇಳಿದರು, "ಚೀಟಿ ಕೆಲಸ ನಮ್ಮ ಹುಡುಗಿ ಮಾಡಿಕೊಡ್ತಾಳ. ನನ್ನ ಮಾತು." ಆ ಮಾತಿನ ಮೇಲೆ ಅವರೆಲ್ಲ ಗೊನೆ ಇಳಿಸಿದರು. ದಸರೆಯ ಮರುದಿನ ಮಧ್ಯಾಹ್ನ ಮೊದಲ ಗಾಡಿ ಹೊರಡುವುದೆಂದು ನಿಗದಿಯಾಯಿತು. ಬೇಳೆಯ ಪ್ರೋಗ್ರಾಮನ್ನು ಬಾಳೆಗೆ ಹೊಂದಿಸಿ ಬರೆದಿದ್ದೆ; ಅಂದು ಬೆಳಗಿನ ಬಿಲ್ಡನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ನಾನು ಬಸ್ಸು ಹತ್ತಬೇಕು.

ಎಂಟು ಗಂಟೆಗೆ ಆಫೀಸಿಗೆ ಹೋದರೆ ಬಿಲ್ಡ್ ಇಲ್ಲ. ಫೋಲ್ಡರ್ ಪೂರಾ ಖಾಲಿ. ಹಳೆಯ ಬಿಲ್ಡುಗಳೂ ಮಾಯ. ಮಷೀನಿನ ತಲೆಯ ಮೇಲೆ ಆಯುಧಪೂಜೆಯ ಕುಂಕುಮ, ಮುಂದೆ ಒಂದು ಒಣಗಿದ ಲಿಂಬೆಹಣ್ಣು. ಸಾಹೇಬರಿಗೆ ಫೋನ್ ಮಾಡಿದೆ.

"ನಾನೇ ತಗದೀನಮ್ಮ. ಖಂಡೇ ಪೂಜಿಗೆ ಮಷೀನ್ ಸ್ವಚ್ಛ ಇರಬಾರದೇನು? ಹೊರಗಿನ ಧೂಳು ಹುಡುಗರು ಒರೆಸಿದ್ರು, ಒಳಗಿನ ಕಸ ನಾ ಒರೆಸಿದೆ. ದೇವಿ ಮುಂದ ಹಳೇ ಸಾಮಾನು ಇಡಬಾರದು."

"ಸಾಹೇಬ್ರ, ಅದು ಕಸ ಅಲ್ಲರೀ."

"ಹೋಗಲಿ ಬಿಡು, ಸರ್ವರಿನಾಗ ಅದ ಅಲ್ಲ? ಇನ್ನೊಮ್ಮೆ ತರಸ್ಕೋ."

ಮಾತು ಸರಿಯಾಗಿತ್ತು. ಫೈಲು ತರುವ ಆಜ್ಞೆ ಕೊಟ್ಟೆ. ಸರ್ವರ್ ತಣ್ಣಗೆ ಉತ್ತರಿಸಿತು: ಎಲ್ಲ ಫೈಲುಗಳೂ ಅಪ್ ಟು ಡೇಟ್. ಫೋಲ್ಡರ್ ನೋಡಿದರೆ ಬೋಳು. ಇನ್ನೊಮ್ಮೆ ಕೊಟ್ಟೆ. ಅದೇ ಉತ್ತರ. ಅಷ್ಟರಲ್ಲಿ ರಿಜ್ವಾನ್ ಭಾಯಿ ಬಂದು ನನ್ನ ಹೆಗಲ ಮೇಲಿಂದ ಬಗ್ಗಿದರು.

"ಕ್ಯಾ ಬೋಲ್ರಾ ತಂಗಿ ಇನೆ?"

"ಎಲ್ಲಾ ಕೊಟ್ಟೀನಿ ಅಂತದರೀ ಭಾಯಿ."

"ಝೂಟಾ ಕಹೀಂ ಕಾ! ಖಾಲಿ ಪರಾತ ಮುಂದಿಟ್ಟು ದಾವತ್ ಆತು ಅಂತಾನಲ್ಲ!"

ಹೊಸ ಹೆಸರಿನಲ್ಲಿ ಇನ್ನೊಂದು ವರ್ಕ್‌ಸ್ಪೇಸ್ ಮಾಡಲು ಹೋದೆ. ಆ ಫೋಲ್ಡರ್ ಆಗಲೇ ಬೇರೆ ವರ್ಕ್‌ಸ್ಪೇಸಿಗೆ ಸೇರಿದೆ ಎಂದು ಸರ್ವರ್ ಕದ ಹಾಕಿತು. ಗಂಟೆ ಒಂಬತ್ತೂವರೆ. ಕಾಕಾನ ಫೋನು ಬಂತು. ದನಿಗಿಂತ ಮೊದಲು ಹಿಂದಿನ ಗದ್ದಲ ಕೇಳಿಸಿತು. ಯಾರೋ ಬೆಳೆಗಾರರು ಕಾಕಾನನ್ನು ಕೇಳುತ್ತಿದ್ದರು, "ದೇಸಾಯರ, ನಿಮ್ಮ ಕಂಪ್ಯೂಟರ್ ಮುಹೂರ್ತಾ ಹುಡಕಾಕತ್ತದೇನ್ರೀ?" ಎಲ್ಲರ ನಗು. ಕಾಕಾ ನಗಲಿಲ್ಲ.

"ಬರ್ತೀ ಅಲ್ಲವಾ? ಗಾಡಿ ಬಂದು ನಿಂತದ. ಇಲ್ಲಾಂದ್ರ ದಲಾಲನ್ನ ಕರೀತೀವಿ ಅನ್ನಾಕತ್ತಾರ ಇವರು."

"ಬರ್ತೀನಿ ಕಾಕಾ."

ಬರುವ ದಾರಿಯೇ ನನಗೆ ಕಾಣುತ್ತಿರಲಿಲ್ಲ. ಕಾಕು ಫೋನ್ ಕಸಿದುಕೊಂಡಳು.

"ಊಟಾ ನಾಷ್ಟಾ ಏನರ ಆತೇನು?"

"ಆಗ್ಯದ ಕಾಕು." ಬೆಳಗಿನಿಂದ ಚಹಾ ಸಹ ಕುಡಿದಿರಲಿಲ್ಲ.

"ಆಗ್ಯದ ಅಂತಿ. ಫೋನಿನಾಗ ಕೈ ಹ್ಯಾಂಗ ಮೂಸಲಿ ನಾ?"

ಫೋನ್ ಇಟ್ಟು ಪರದೆ ನೋಡಿದೆ. ಎಲ್ಲ ಫೈಲುಗಳೂ ಅಪ್ ಟು ಡೇಟ್. "ನಿಂದು ಊಟ ಆಗ್ಯದಲ್ಲಾ, ನಾನೇ ಬಡಿಸೀನಿ." ನನಗೆ ನಗು ಬಂತು. ಸರ್ವರ್ ಸುಳ್ಳು ಹೇಳುತ್ತಿರಲಿಲ್ಲ. ತಾನು ಕೊಟ್ಟದ್ದನ್ನು ನೆನಪಿಟ್ಟಿತ್ತು, ಅಷ್ಟೇ. ಸಾಹೇಬರು ಕೈಯಿಂದ ತೆಗೆದದ್ದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಫೋಲ್ಡರನ್ನು ಅದು ಮೂಸಿ ನೋಡಿರಲಿಲ್ಲ. ಅಳಿಸಬೇಕಾದದ್ದು ಆ ನೆನಪನ್ನು.

ವರ್ಕ್‌ಸ್ಪೇಸನ್ನು ಡಿಲೀಟ್ ಮಾಡುವ ಆಜ್ಞೆ ಬರೆಯತೊಡಗಿದೆ. ರಿಜ್ವಾನ್ ಭಾಯಿ ಮೇಜಿನ ಮೇಲಿದ್ದ ರಟ್ಟನ್ನು ನನ್ನ ಕೈಗೆ ಅಡ್ಡ ಹಿಡಿದರು.

"ನಕ್ಕೋ ತಂಗಿ, ನಕ್ಕೋ! ಇದ್ದದ್ದೂ ಹೋಗ್ತದ."

"ಹೋಗೂದಿಲ್ಲರೀ ಭಾಯಿ. ಇದು ಬಡಿಸಿದ್ದರ ನೆನಪು. ಅಡಿಗಿ ಸರ್ವರಿನಾಗ ಬೇರೆ ಅದ."

"ಅಡಿಗಿ?"

"ಆಮ್ಯಾಲ ಹೇಳ್ತೀನ್ರಿ."

ಒತ್ತಿದೆ. ಒಂದು ಕ್ಷಣ ನನಗೂ ಹೆದರಿಕೆಯಾಯಿತು. ಹಳೆಯ ವರ್ಕ್‌ಸ್ಪೇಸ್ ಹೋಯಿತು. ಹೊಸದನ್ನು ಮಾಡಿ, ಫೋಲ್ಡರನ್ನು ಜೋಡಿಸಿ, ಫೈಲು ತರುವ ಆಜ್ಞೆ ಕೊಟ್ಟೆ. ಪರದೆಯ ಮೇಲೆ ಹೆಸರುಗಳು ಸರಸರನೆ ಇಳಿಯತೊಡಗಿದವು. ರಿಜ್ವಾನ್ ಭಾಯಿ "ಆರೈಂ, ಆರೈಂ, ಬಂದವು!" ಎಂದು ಮದುವೆಯ ಬಾರಾತಿಗೆ ಬಂದವರ ಹಾಗೆ ಕುಣಿದರು. ಬಿಲ್ಡ್ ಮುಗಿದ ಮೇಲೆ ತಮ್ಮ ಸ್ಕೂಟರಿನಲ್ಲೇ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟರು. ಮೊದಲ ಚೀಟಿಯನ್ನು ನಾನೇ ಓದಬೇಕೆಂದೂ ಬಿರ್ಯಾನಿ ಎಂದಿದ್ದರೆ ಕೂಡಲೇ ಫೋನ್ ಮಾಡಬೇಕೆಂದೂ ಹೇಳಿದರು.

ಕಮಲಾಪುರದ ಷೆಡ್ಡಿನಲ್ಲಿ ಬೆಳೆಗಾರರು ಪೆಟ್ಟಿಗೆಗಳ ಮೇಲೆಯೇ ಕೂತಿದ್ದರು. ಗಾಡಿಯ ಡ್ರೈವರು ಇಂಜಿನ್ ಚಾಲೂ ಮಾಡಿ ಸಿಟ್ಟು ತೋರಿಸುತ್ತಿದ್ದ. ಪ್ರಿಂಟರ್ ಒಂದು ಸಲ ಕೆಮ್ಮಿತು, ಆಮೇಲೆ ಚೀಟಿ ಹೊರಬಂತು. ಕಾಕಾ ಅದನ್ನು ತಾವೇ ಹರಿದು, ಕನ್ನಡಕ ಏರಿಸಿ ಜೋರಾಗಿ ಓದಿದರು. ತಮ್ಮದಲ್ಲ, ಮುಹೂರ್ತದ ಮಾತಾಡಿದ್ದ ಬೆಳೆಗಾರರ ಹೆಸರೇ ಮೊದಲು ಬಂದಿತ್ತು.

"ಹಿಡೀರಿ. ನಿಮ್ಮ ಮುಹೂರ್ತ ಬಂತು."

ಅವರು ಚೀಟಿಯನ್ನು ಎರಡೂ ಕೈಯಿಂದ ತೆಗೆದುಕೊಂಡು ಪೆಟ್ಟಿಗೆಗೆ ಹಚ್ಚಿ, ಅಂಗೈಯಿಂದ ನಾಲ್ಕು ಸಲ ಒತ್ತಿದರು. ಮತ್ತೆ ಯಾರೂ ದಲಾಲನ ಮಾತೆತ್ತಲಿಲ್ಲ. ಗಾಡಿ ಹೋದಮೇಲೆ ಕಾಕಾ ಷೆಡ್ಡಿನ ಖಾಲಿ ನೆಲವನ್ನು ಸುಮ್ಮನೆ ಒಂದು ಸುತ್ತು ಹಾಕಿ ಬಂದರು. ಮನೆಯ ಬಾಗಿಲಲ್ಲಿ ಕಾಕು ನಿಂತಿದ್ದಳು. "ಕೈ ತೋರಸು" ಅಂದಳು. ಮೂಸಿದಳು. "ಸುಳ್ಳಿ!" ಅಂದಳು. ಒಳಗೆ ಸೀಕರಣಿ ಕಾದಿತ್ತು.

ಮರುದಿನ ಬಿಲ್ಡಿನ ಆಜ್ಞೆಗಳಿಗೆ ಹೊಸ ಸಾಲುಗಳನ್ನು ಸೇರಿಸಿದೆ. ಮೊದಲು ಹಳೆಯ ವರ್ಕ್‌ಸ್ಪೇಸ್ ಅಳಿಸು, ಹೊಸದು ಮಾಡು, ಫೈಲು ತಂದಮೇಲೆ ಫೋಲ್ಡರಿನಲ್ಲಿ ನಿಜಕ್ಕೂ ಇವೆಯೇ ನೋಡು, ಕೆಲಸ ಮುಗಿದಮೇಲೆ ಅಳಿಸಿ ಹೋಗು. ನೋಡುವ ಆ ಹಂತಕ್ಕೆ "ಕೈ ತೋರಸು" ಎಂದು ಹೆಸರಿಟ್ಟೆ. ಅದು ಈಗಲೂ ಬೆಳಿಗ್ಗೆ ಆರಕ್ಕೆ ಓಡುತ್ತದೆ.

ಇಷ್ಟು ಬರೆದು, ಬುದ್ಧಿವಂತಳೆಂಬ ಹೆಮ್ಮೆಯಲ್ಲಿ ಪೆನ್ನು ಮುಚ್ಚುವಷ್ಟರಲ್ಲಿ ಒಳಗಿನಿಂದ ಕಾಕು ಕೂಗಿದಳು.

"ಏನವಾ, ಎಂಟಕ್ಕ ಹನಿ ಹಾಕ್ತೀನಿ ಅಂದಿದ್ದಿ?"

"ಹಾಕೀನಲ್ಲ ಕಾಕು." ಡೈರಿ ತಿರುವಿದೆ. ಎಂಟು ಗಂಟೆಯ ಮುಂದೆ ಗುರುತು ಇತ್ತು, ಅಚ್ಚುಕಟ್ಟಾಗಿ. "ಇಲ್ಲಿ ಅದ ನೋಡು, ಆಗ್ಯದ."

"ಡೈರಿ ಕಣ್ಣಿಗೆ ಆಗಿರಬೇಕು. ನನ್ನ ಕಣ್ಣು ಒಣಗೇ ಅದ."

ಎದ್ದು ಹೋಗಿ ನೋಡಿದೆ. ಹನಿಯ ಸೀಸೆಯ ಮುಚ್ಚಳವನ್ನು ಇವತ್ತು ಯಾರೂ ತೆಗೆದಿರಲಿಲ್ಲ. ಗುರುತು ಹಾಕಿ, ಸೀಕರಣಿ ತಿಂದು, ಬರೆಯಲು ಕೂತಿದ್ದೆ. ಈಗ ಹನಿ ಹಾಕಿ ಬಂದಿದ್ದೇನೆ. ಡೈರಿಯ ಗುರುತು ಹೊಡೆದುಹಾಕಿ ಒಂಬತ್ತೂ ಕಾಲು ಎಂದು ಬರೆದಿದ್ದೇನೆ. ಗುರುತಿಗಾಗಿ ಇಟ್ಟ ಜಾಗದ ಪಕ್ಕದಲ್ಲಿ ಇನ್ನೊಂದು ಜಾಗ ಎಳೆದಿದ್ದೇನೆ. ಅದರಲ್ಲಿ ಗುರುತು ಹಾಕುವ ಹಕ್ಕು ಕಾಕುವಿನದು.

ನಿಮ್ಮಿಂದ ಒಂದು ಉಪಕಾರ ಬೇಕು. ವರ್ಕ್‌ಸ್ಪೇಸನ್ನು ದಿನವೂ ಅಳಿಸದೆಯೇ, ಸರ್ವರ್ ತಾನಾಗಿ ಫೋಲ್ಡರನ್ನು ಮೂಸಿ ನೋಡುವಂತೆ ಮಾಡುವ ಉಪಾಯ ಬಲ್ಲವರಿದ್ದರೆ ನನಗೆ ಬರೆಯಿರಿ. ಉಂಡವರ ಕೈ ಮೂಸುವ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದರೆ ಅದನ್ನೂ ತಿಳಿಸಿ, ಕಾಕುವಿಗೆ ಓದಿ ಹೇಳುತ್ತೇನೆ. ಆದರೆ ಊಟ ಮುಗಿಸಿಯೇ ಬರೆಯಲು ಕೂತುಕೊಳ್ಳಿ. ಆಗಿದೆ ಎಂದು ಕಾಗದದಲ್ಲಿ ಬರೆದರೆ ಅವಳು ನಂಬುವುದಿಲ್ಲ.